ಸುಸ್ತಿಗೆ ಟಾನಿಕ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳು

ಚಿಕ್ಕಮಗಳೂರಿನ ಯಾವ ಔಷಧಿ ಅಂಗಡಿಯಲ್ಲಾದರೂ ಸಂಜೆ ಹೊತ್ತು ಸ್ವಲ್ಪ ನಿಂತರೆ, "ಸುಸ್ತಿಗೆ ಒಂದು ಒಳ್ಳೆ ಟಾನಿಕ್ ಕೊಡಿ" ಎಂದು ಕೇಳುವವರು ಒಬ್ಬರಾದರೂ ಬಂದೇ ಬರುತ್ತಾರೆ. ಕೇಳುವವರಲ್ಲಿ ತೋಟದ ಯಜಮಾನರೂ ಇರುತ್ತಾರೆ, ಕಣದಲ್ಲಿ ದುಡಿದು ಬಂದವರೂ ಇರುತ್ತಾರೆ, ಬ್ಯಾಂಕಿನ ಮೇಜಿನಿಂದ ಎದ್ದು ಬಂದವರೂ ಇರುತ್ತಾರೆ. ಇವರೆಲ್ಲರ ಸುಸ್ತು ಒಂದೇ ಬಗೆಯದಲ್ಲ. ಆದ್ದರಿಂದ ಒಂದೇ ಬಾಟಲಿಯಲ್ಲಿ ಎಲ್ಲರಿಗೂ ಉತ್ತರ ಸಿಗುವ ಸಾಧ್ಯತೆಯೂ ಇಲ್ಲ. ಚಿಕ್ಕಮಗಳೂರು, ಹಾಸನ ಎಂಬ ನಮ್ಮ ಎರಡು ಜಿಲ್ಲೆಗಳ ಜೀವನಕ್ರಮವನ್ನು ನೋಡುತ್ತ ಬಂದವನಾಗಿ ನನಗೆ ಅನ್ನಿಸುವುದು ಇಷ್ಟು: ಇಲ್ಲಿನ ಸುಸ್ತಿನ ದೊಡ್ಡ ಪಾಲು ಕಾಫಿ, ಊಟ, ನಿದ್ದೆಗಳ ಹೊತ್ತು ತಪ್ಪಿರುವುದರಿಂದ ಬಂದದ್ದು, ಉಳಿದುದರಲ್ಲಿ ಬಹುಪಾಲು ರಕ್ತ ಕಡಿಮೆಯಾಗಿರುವುದರಿಂದ ಬಂದದ್ದು. ಹೊತ್ತನ್ನು ಮನೆಯಲ್ಲೇ ಸರಿಪಡಿಸಿಕೊಳ್ಳಬಹುದು. ರಕ್ತವನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳಬಹುದು. ಯಾವುದನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಮೊದಲ ವಾರ: ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ

ಮೊದಲ ಏಳು ದಿನ ಯಾವ ಅಭ್ಯಾಸವನ್ನೂ ಬದಲಿಸಬೇಡಿ. ಸಹಕಾರ ಸಂಘದವರೋ ಗೊಬ್ಬರದ ಅಂಗಡಿಯವರೋ ಕೊಟ್ಟ ಕ್ಯಾಲೆಂಡರ್ ಎಲ್ಲ ಮನೆಗಳ ಗೋಡೆಯಲ್ಲೂ ತೂಗುತ್ತಿರುತ್ತದೆ. ಹಾಲಿನ ಲೆಕ್ಕ ಬರೆಯುವ ಆ ಚೌಕದಲ್ಲೇ ಪ್ರತಿದಿನ ನಾಲ್ಕು ವಿಷಯ ಗುರುತಿಸಿ: ಮಲಗಿದ ಹೊತ್ತು, ಎದ್ದ ಹೊತ್ತು, ಕಾಫಿ ಅಥವಾ ಟೀ ಕುಡಿದ ಹೊತ್ತುಗಳು, ಮತ್ತು ಸುಸ್ತು ಹೆಚ್ಚು ಕಾಡಿದ ಹೊತ್ತು. ಎರಡು ಕಾಫಿ ಎಂದು ಲೆಕ್ಕ ಕೊಡುವವರು ದಿನಕ್ಕೆ ಐದು ಲೋಟ ಕುಡಿಯುತ್ತಿರುವುದು ಈ ಚೌಕಗಳಲ್ಲೇ ಬಯಲಾಗುವುದುಂಟು, ಏಕೆಂದರೆ ನೆಂಟರ ಮನೆಯಲ್ಲಿ ಕುಡಿದದ್ದನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸುಸ್ತು ಯಾವ ಬಗೆಯದು ಎಂಬುದನ್ನೂ ಒಂದೆರಡು ಪದಗಳಲ್ಲಿ ಬರೆಯಿರಿ. ಕುಳಿತಲ್ಲೇ, ಬಸ್ಸಿನಲ್ಲೇ ತೂಕಡಿಕೆ ಬರುತ್ತಿದ್ದರೆ ಅದು ನಿದ್ದೆಯ ಕೊರತೆಯತ್ತ ಬೆರಳು ಮಾಡುತ್ತದೆ. ನಿದ್ದೆ ಬಾರದಿದ್ದರೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಂದು ಎದೆ ಹೊಡೆದುಕೊಳ್ಳುತ್ತಿದ್ದರೆ ರಕ್ತಹೀನತೆಯನ್ನು ಮೊದಲು ಅನುಮಾನಿಸಬೇಕು. ಹೃದಯವನ್ನೂ ಶ್ವಾಸಕೋಶವನ್ನೂ ವೈದ್ಯರು ನೋಡಬೇಕಾಗುತ್ತದೆ. ಮೈಯಲ್ಲಿ ಶಕ್ತಿ ಇದ್ದೂ ಯಾವ ಕೆಲಸಕ್ಕೂ ಮನಸ್ಸು ಏಳದೆ, ಮೊದಲು ಇಷ್ಟವಾಗುತ್ತಿದ್ದವು ಈಗ ರುಚಿಸದೆ ಎರಡು ವಾರಕ್ಕಿಂತ ಹೆಚ್ಚು ಕಾಲ ಕಳೆದಿದ್ದರೆ ಅದು ಖಿನ್ನತೆಯಾಗಿರಬಹುದು. ಅದಕ್ಕೂ ಚಿಕಿತ್ಸೆ ಇದೆ, ಮುಚ್ಚಿಟ್ಟುಕೊಳ್ಳಬೇಕಾದ ಕಾಯಿಲೆ ಅದಲ್ಲ. ಇಡೀ ದಿನ ಮೈಮುರಿದು ದುಡಿದವರಿಗೆ ಸಂಜೆ ಬರುವ ದಣಿವು ಮಾತ್ರ ಸಹಜವಾದದ್ದು, ಒಂದು ರಾತ್ರಿಯ ನಿದ್ದೆಯಲ್ಲಿ ಕಳೆಯುವಂಥದ್ದು.

ಎರಡನೆಯ ಹೆಜ್ಜೆ: ರಕ್ತ ಪರೀಕ್ಷೆಯನ್ನು ಮುಂದೂಡಬೇಡಿ

ಅಭ್ಯಾಸಗಳನ್ನು ತಿದ್ದಿಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬಿ ತಿಂಗಳುಗಟ್ಟಲೆ ಕಾಯುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಸುಸ್ತು ಮೂರು ನಾಲ್ಕು ವಾರ ದಾಟಿದ್ದರೆ ಪರೀಕ್ಷೆ ಮೊದಲು, ಉಪದೇಶ ಆಮೇಲೆ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಹೆಚ್ಚುಕಡಿಮೆ ಪ್ರತಿ ಎರಡನೆಯ ಮನೆಯೊಡತಿ ಕಡಿಮೆ ರಕ್ತದಲ್ಲೇ ಅಡುಗೆ, ಕೊಟ್ಟಿಗೆ, ತೋಟ ಎಲ್ಲವನ್ನೂ ನಿಭಾಯಿಸುತ್ತಿದ್ದಾಳೆ, ಮತ್ತು ಅದನ್ನು ವಯಸ್ಸಿನ ಮೇಲೋ ಹವಾಮಾನದ ಮೇಲೋ ಹಾಕಿ ಸುಮ್ಮನಾಗಿದ್ದಾಳೆ.

ಹಿಮೋಗ್ಲೋಬಿನ್ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಆಗುತ್ತದೆ. ಗರ್ಭಿಣಿಯಲ್ಲದ ಮಹಿಳೆಯರಲ್ಲಿ ಅದು 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಪರಿಗಣಿಸುತ್ತಾರೆ. ಇದು ಒಂದು ಡೆಸಿಲೀಟರ್, ಅಂದರೆ ನೂರು ಮಿ.ಲೀ. ರಕ್ತದ ಲೆಕ್ಕ. ಹಿಮೋಗ್ಲೋಬಿನ್ ಸರಿಯಾಗಿದ್ದೂ ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗಿರುವ ಸ್ಥಿತಿಯೊಂದಿದೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಲ್ಲಿ ಅದು ಸಾಮಾನ್ಯ, ಅದೂ ಸುಸ್ತು ತರುತ್ತದೆ. ಅದನ್ನು ತಿಳಿಯಲು ಫೆರಿಟಿನ್ ಎಂಬ ಪರೀಕ್ಷೆ ಬೇಕು. ಇದರೊಂದಿಗೆ ಥೈರಾಯ್ಡ್ ತಿಳಿಸುವ ಟಿ.ಎಸ್.ಎಚ್., ಖಾಲಿ ಹೊಟ್ಟೆಯ ಸಕ್ಕರೆ ಅಂಶ, ಶುದ್ಧ ಸಸ್ಯಾಹಾರಿಗಳಾಗಿದ್ದರೆ ಬಿ12 ಜೀವಸತ್ವ, ಇವನ್ನು ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರಲ್ಲಿ ಬಿ12 ಕಡಿಮೆಯಾಗುವುದುಂಟು, ಆದರೆ ಅವರ ಸುಸ್ತನ್ನೆಲ್ಲ ಸಕ್ಕರೆಯ ತಲೆಗೇ ಕಟ್ಟುತ್ತೇವೆ.

ಮಲೆನಾಡಿನವರು ಮರೆಯುವ ಇನ್ನೊಂದು ಕಾರಣ ಕೊಕ್ಕೆಹುಳು. ಮಲ ಬೆರೆತ ತೇವದ, ನೆರಳಿನ ಮಣ್ಣಿನಲ್ಲಿ ಇದರ ಮರಿಗಳು ಬದುಕಿರುತ್ತವೆ. ಬರಿಗಾಲಿನಲ್ಲಿ ನಡೆದಾಗ ಅಂಗಾಲಿನ ಮತ್ತು ಬೆರಳುಸಂದಿಯ ಚರ್ಮವನ್ನು ಕೊರೆದು ಒಳಗೆ ಸೇರಿ, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಕಾಫಿ, ಏಲಕ್ಕಿ, ಅಡಿಕೆ ತೋಟಗಳ ನೆಲ ಇದಕ್ಕೆ ಹೇಳಿ ಮಾಡಿಸಿದಂತಿದೆ. ಶಾಲೆಯ ಮಕ್ಕಳಿಗೆ ಜಂತುಹುಳು ಮಾತ್ರೆ ಕೊಡುವ ಕಾರ್ಯಕ್ರಮ 1ರಿಂದ 19 ವರ್ಷದವರಿಗೆ ಇದೆ. ದೊಡ್ಡವರಿಗೆ ಯಾರೂ ಕರೆದು ಕೊಡುವುದಿಲ್ಲ, ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು. ತೋಟಕ್ಕೆ ಇಳಿಯುವಾಗ ಗಂಬೂಟು ಹಾಕಿಕೊಳ್ಳುವುದು ಜಿಗಣೆಗಷ್ಟೇ ಅಲ್ಲ, ಇದಕ್ಕೂ ಬೇಕು. ಕೆಲಸದವರಿಗೆ ಬೂಟು ಕೊಡಿಸುವುದು ತೋಟದವರ ಔದಾರ್ಯವೆಂದು ಭಾವಿಸುವ ರೂಢಿ ನಮ್ಮಲ್ಲಿದೆ. ನನ್ನ ಮಟ್ಟಿಗೆ ಅದು ಕತ್ತಿ, ಗುದ್ದಲಿ ಕೊಡಿಸುವಷ್ಟೇ ಸಾಮಾನ್ಯ ಕರ್ತವ್ಯ.

ತಿಂದರೂ ತೂಕ ಇಳಿಯುತ್ತಿರುವುದು, ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ಮಲದಲ್ಲಿ ರಕ್ತ ಅಥವಾ ಕಪ್ಪು ಮಲ, ಕಾಲು ಬಾವು, ಎದೆನೋವು ಇವುಗಳಲ್ಲಿ ಯಾವುದೊಂದಿದ್ದರೂ ಈ ಲೇಖನವನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಿ. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗುವವರಿಗೆ ಎಂಟು ಗಂಟೆ ಮಲಗಿದರೂ ನಿದ್ದೆ ಆಗಿರುವುದಿಲ್ಲ. ಇದನ್ನು ಮಲಗಿದವರು ಹೇಳಲಾರರು, ಪಕ್ಕದಲ್ಲಿ ಮಲಗುವವರು ಹೇಳಬೇಕು. ಡೆಂಗಿ ಮುಂತಾದ ಜ್ವರಗಳು ಬಿಟ್ಟ ಮೇಲೆ ಕೆಲವು ವಾರ ಸುಸ್ತು ಉಳಿಯುವುದು ಸಾಮಾನ್ಯ. ಆಗ ಹಟ ಹಿಡಿದು ಕೆಲಸಕ್ಕೆ ಇಳಿಯದೆ ನಿಧಾನವಾಗಿ ಚಟುವಟಿಕೆ ಹೆಚ್ಚಿಸಿಕೊಳ್ಳಬೇಕು.

ಮೂರನೆಯ ಹೆಜ್ಜೆ: ಏಳುವ ಹೊತ್ತು ಮತ್ತು ಬೆಳಕು

ಮಲಗುವ ಹೊತ್ತನ್ನು ಹಿಡಿತಕ್ಕೆ ತರಲು ಎಲ್ಲರೂ ಹೆಣಗುತ್ತಾರೆ, ಆದರೆ ನಿದ್ದೆ ಕರೆದಾಗ ಬರುವಂಥದ್ದಲ್ಲ. ಏಳುವ ಹೊತ್ತು ನಮ್ಮ ಕೈಯಲ್ಲಿದೆ. ಭಾನುವಾರವೂ ಸೇರಿದಂತೆ ಪ್ರತಿದಿನ ಒಂದೇ ಹೊತ್ತಿಗೆ ಎದ್ದರೆ, ಒಂದೆರಡು ವಾರಗಳಲ್ಲಿ ರಾತ್ರಿ ನಿದ್ದೆ ಬರುವ ಹೊತ್ತೂ ತಾನಾಗಿ ಒಂದು ನೆಲೆಗೆ ಬರುತ್ತದೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆಯ ನಿದ್ದೆ ಬೇಕು. ಬೆಳಿಗ್ಗೆ ಐದೂವರೆಗೆ ಹಾಲು ಕರೆಯಬೇಕಾದವರು ಹತ್ತೂವರೆಗಿಂತ ತಡವಾಗಿ ಮಲಗುವಂತಿಲ್ಲ. ಇದು ಸರಳ ಲೆಕ್ಕ, ಆದರೂ ಹೆಚ್ಚಿನ ಮನೆಗಳಲ್ಲಿ ಧಾರಾವಾಹಿಯೋ ಮೊಬೈಲೋ ಈ ಲೆಕ್ಕವನ್ನು ಕೆಡಿಸುತ್ತದೆ.

ಎದ್ದ ಅರ್ಧ ಗಂಟೆಯೊಳಗೆ ಹೊರಗಿನ ಬೆಳಕು ಕಣ್ಣಿಗೆ ಬೀಳಬೇಕು, ಏಕೆಂದರೆ ದೇಹದೊಳಗಿನ ಗಡಿಯಾರ ತಿರುಗುವುದು ಆ ಬೆಳಕಿನ ಸೂಚನೆಯಿಂದ. ಅರಸೀಕೆರೆ, ಕಡೂರಿನ ಬಯಲುಸೀಮೆಯವರಿಗೆ ಇದು ತೊಂದರೆಯ ವಿಷಯವೇ ಅಲ್ಲ. ಆದರೆ ಮೂಡಿಗೆರೆ, ಸಕಲೇಶಪುರ, ಕೊಪ್ಪ, ಶೃಂಗೇರಿಗಳ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಹೆಂಚಿನ ಮನೆಯ ನಡುಮನೆಯಲ್ಲಿ ಹಗಲೂ ದೀಪ ಹಾಕಬೇಕಾಗುತ್ತದೆ. ಆ ಮಂಕಿನಲ್ಲಿ ಮೈ ಜಡವಾಗುವುದು ಕೇವಲ ಭ್ರಮೆಯಲ್ಲ. ಮನೆಯೊಳಗಿನ ಟ್ಯೂಬ್‌ಲೈಟಿನ ಬೆಳಕು ಕೆಲವು ನೂರು ಲಕ್ಸ್ (ಬೆಳಕನ್ನು ಅಳೆಯುವ ಮಾನ) ಮಾತ್ರ. ಮೋಡ ಕವಿದ ದಿನವೂ ಹೊರಗಿನ ಬೆಳಕು ಸಾವಿರ ಲಕ್ಸ್ ದಾಟಿ, ಎಷ್ಟೋ ಸಲ ಹಲವು ಸಾವಿರವನ್ನು ಮುಟ್ಟುತ್ತದೆ. ಆದುದರಿಂದ ಮಳೆಗಾಲದಲ್ಲಿ ಬೆಳಗಿನ ಕಾಫಿಯ ಲೋಟ ಹಿಡಿದು ಅಡುಗೆಮನೆಯ ಒಲೆಯ ಮುಂದೆ ಕೂರುವ ಬದಲು ಜಗಲಿಗೆ ಬನ್ನಿ. ಇಪ್ಪತ್ತು ನಿಮಿಷ ಅಂಗಳದತ್ತ ಮುಖ ಮಾಡಿ ಕುಳಿತರೂ ಸಾಕು. ಕೊಡೆ ಹಿಡಿದು ಗೇಟಿನವರೆಗೆ ಹೋಗಿ ಬಂದರೆ ಇನ್ನೂ ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಕಾಫಿಗೆ ಒಂದು ಗಡುವು

ಬಾಬಾ ಬುಡನ್ ಏಳು ಬೀಜ ತಂದು ನೆಟ್ಟರೆಂಬ ಗಿರಿ ಎದುರಿಗೇ ಕಾಣುವ ಊರಿನಲ್ಲಿ ಕಾಫಿ ಬಿಡಿ ಎಂದು ಬರೆಯುವ ಧೈರ್ಯ ನನಗಿಲ್ಲ. ಬಿಡುವ ಅಗತ್ಯವೂ ಇಲ್ಲ. ಕಾಫಿ ಏನು ಮಾಡುತ್ತದೆ ಎಂಬುದನ್ನು ಅರಿತು ಕುಡಿದರೆ ಅದು ಉಪಕಾರಿಯೇ.

ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಶೇಖರವಾಗುತ್ತ ಹೋಗುತ್ತದೆ. ಅದು ಹೆಚ್ಚಿದಂತೆ ನಿದ್ದೆಯ ಒತ್ತಡವೂ ಹೆಚ್ಚುತ್ತದೆ. ಕೆಫೀನ್ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕುಳಿತು, ದಣಿವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ. ದಣಿವು ಮಾತ್ರ ಇದ್ದ ಹಾಗೆಯೇ ಇರುತ್ತದೆ. ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಹೊರಹೋಗಲು ಸರಾಸರಿ ಐದು ಗಂಟೆ ಬೇಕು. ಕೆಲವರಿಗೆ ಇನ್ನೂ ಹೆಚ್ಚು. ಸಂಜೆ ಆರಕ್ಕೆ ಮೆಣಸಿನಕಾಯಿ ಬೋಂಡದ ಜೊತೆ ಕುಡಿದ ಸ್ಟ್ರಾಂಗ್ ಕಾಫಿಯ ಅರ್ಧ ಭಾಗ ರಾತ್ರಿ ಹನ್ನೊಂದಕ್ಕೂ ರಕ್ತದಲ್ಲೇ ಇರುತ್ತದೆ. "ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತದೆ" ಎನ್ನುವವರು ಸುಳ್ಳು ಹೇಳುತ್ತಿಲ್ಲ, ಆದರೆ ನಿದ್ದೆ ಬರುವುದಕ್ಕೂ ಗಾಢವಾಗಿ ಆಗುವುದಕ್ಕೂ ವ್ಯತ್ಯಾಸವಿದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಲಗುವ ಆರು ಗಂಟೆ ಮೊದಲು 400 ಮಿ.ಗ್ರಾಂ ಕೆಫೀನ್ ಸೇವಿಸಿದವರ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿತವಾಗಿತ್ತು. ಆ ಕೊರತೆಯನ್ನು ಮರುದಿನ ಬೆಳಿಗ್ಗೆ ಇನ್ನೊಂದು ಲೋಟ ಕಾಫಿಯಿಂದ ತುಂಬಲು ಹೊರಟರೆ ಚಕ್ರ ನಿಲ್ಲುವುದೇ ಇಲ್ಲ.

ಆದ್ದರಿಂದ ದಿನದ ಕೊನೆಯ ಕಾಫಿಗೆ ಮಧ್ಯಾಹ್ನ ಎರಡು ಗಂಟೆಯ ಗಡುವು ಹಾಕಿಕೊಳ್ಳಿ. ಪ್ರಮಾಣದ ವಿಷಯಕ್ಕೆ ಬಂದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿ.ಗ್ರಾಂ ಕೆಫೀನ್ ಮೀರಬಾರದೆನ್ನುತ್ತದೆ, 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ, ಅಷ್ಟೇ ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65 ಮಿ.ಗ್ರಾಂ ಇರುತ್ತದೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಅಂದರೆ ಮೂರು ಲೋಟಕ್ಕೆ ಮಿತಿ ಮುಗಿಯಿತು.

ಈ ಲೆಕ್ಕ ನಮ್ಮ ಕಡೆ ಇನ್ನಷ್ಟು ಬಿಗಿಯಾಗಬೇಕು. ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇ 1.2ರಷ್ಟಿದ್ದರೆ ರೊಬಸ್ಟಾದಲ್ಲಿ ಅದರ ದುಪ್ಪಟ್ಟಿಗೆ ಹತ್ತಿರ, ಸುಮಾರು ಶೇ 2.2ರಷ್ಟಿರುತ್ತದೆ. ಒಳ್ಳೆಯ ಅರೇಬಿಕಾವನ್ನೆಲ್ಲ ಮಾರಿ ಉಳಿದ ರೊಬಸ್ಟಾವನ್ನು ಮನೆಗೆ ಹುರಿಸಿಕೊಳ್ಳುವ ತೋಟದ ಮನೆಗಳಲ್ಲಿ ಒಂದು ಲೋಟವೆಂದರೆ ಪಟ್ಟಣದ ಎರಡು ಲೋಟಕ್ಕೆ ಸಮ. ಚಿಕೋರಿ ಹಾಕಿದರೆ ಕಾಫಿ ಸ್ಟ್ರಾಂಗ್ ಆಗುತ್ತದೆಂಬ ನಂಬಿಕೆಯೂ ಇದೆ. ಚಿಕೋರಿ ಕೊಡುವುದು ಬಣ್ಣ, ಗಟ್ಟಿತನ ಮತ್ತು ಕಹಿ. ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ತುಂಬಿ, ಅದುಮಿ, ಕುದಿನೀರು ಸುರಿದು ಇಳಿಸಿದ ಮೊದಲ ಡಿಕಾಕ್ಷನ್‌ನಲ್ಲೇ ಕೆಫೀನಿನ ಹೆಚ್ಚಿನ ಪಾಲು ಬಂದಿರುತ್ತದೆ. ಸಂಜೆ ಕಾಫಿಯ ವಾಸನೆ ಇಲ್ಲದೆ ಇರಲಾಗದವರು ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ ಎರಡನೆಯ ಡಿಕಾಕ್ಷನ್‌ಗೆ ಹಾಲು ಹೆಚ್ಚಾಗಿ ಬೆರೆಸಿ ಅರ್ಧ ಲೋಟ ಕುಡಿಯಬಹುದು. ಕಾಫಿಯ ರುಚಿ ಬಲ್ಲವರು ಇದನ್ನು ಒಪ್ಪಲಾರರು, ನಾನೂ ಪೂರ್ತಿ ಒಪ್ಪಿದವನಲ್ಲ. ಆದರೂ ನಿದ್ದೆಗೆ ಇದು ಕಡಿಮೆ ತೊಂದರೆ ಕೊಡುತ್ತದೆ.

ದಿನಕ್ಕೆ ಐದಾರು ಲೋಟ ಕುಡಿಯುವವರು ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದ ಒಂದು ದಿನದೊಳಗೆ ತಲೆನೋವು, ಕಿರಿಕಿರಿ, ಇನ್ನೂ ಹೆಚ್ಚಿನ ಸುಸ್ತು ಶುರುವಾಗಿ ವಾರದವರೆಗೂ ಎಳೆಯಬಹುದು. ಎರಡು ಮೂರು ದಿನಕ್ಕೊಮ್ಮೆ ಅರ್ಧ ಲೋಟದಂತೆ, ಸಂಜೆಯ ಕಡೆಯಿಂದ ಕಡಿಮೆ ಮಾಡುತ್ತ ಬನ್ನಿ. ಹೋಟೆಲಿನಲ್ಲಾದರೆ ಬೈ ಟು ಹೇಳಿ. ನೆಂಟರ ಮನೆಯಲ್ಲಿ ಬೇಡವೆಂದರೆ ಬೇಸರ ಮಾಡಿಕೊಳ್ಳುತ್ತಾರೆ ಎಂಬ ಅಂಜಿಕೆ ಇದ್ದವರು ಬೇಡವೆನ್ನುವ ಬದಲು "ಮಜ್ಜಿಗೆ ಇದ್ದರೆ ಕೊಡಿ" ಎಂದು ಕೇಳಲಿ. ಕೇಳಿ ಕುಡಿದವರ ಮೇಲೆ ನಮ್ಮವರು ಮುನಿಸಿಕೊಳ್ಳುವುದಿಲ್ಲ. ಕೊತ್ತಂಬರಿ ಜೀರಿಗೆಯ ಕಷಾಯವೂ ಆಗುತ್ತದೆ. ಗರ್ಭಿಣಿಯರಲ್ಲಿ ಕೆಫೀನ್ ಹೊರಹೋಗಲು ಎರಡು ಮೂರು ಪಟ್ಟು ಹೆಚ್ಚು ಕಾಲ ಹಿಡಿಯುವುದರಿಂದ ಅವರು ಬೆಳಗಿನ ಒಂದು ಲೋಟಕ್ಕೆ ನಿಲ್ಲಿಸುವುದು ಕ್ಷೇಮ.

ಐದನೆಯ ಹೆಜ್ಜೆ: ತಟ್ಟೆಯಲ್ಲಿ ಏನಿದೆ, ಅದರ ಪಕ್ಕದಲ್ಲಿ ಏನಿದೆ

ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಪಕ್ಕದಲ್ಲಿ ಬಿಸಿ ಕಾಫಿ. ಇದಕ್ಕಿಂತ ಒಳ್ಳೆಯ ಬೆಳಗಿನ ತಿಂಡಿ ಜಗತ್ತಿನಲ್ಲಿಲ್ಲ ಎಂಬ ಅಭಿಪ್ರಾಯಕ್ಕೆ ನನ್ನ ತಕರಾರಿಲ್ಲ, ಆದರೆ ಅದರಲ್ಲಿ ಎರಡು ಕೊರತೆಗಳಿವೆ. ಮೊದಲನೆಯದು, ಕಾಫಿ ಮತ್ತು ಟೀಯಲ್ಲಿರುವ ಒಗರು ಅಂಶಗಳು ಸಸ್ಯಾಹಾರದ ಕಬ್ಬಿಣ ಕರುಳಿನಲ್ಲಿ ಹೀರಲ್ಪಡುವುದನ್ನು ತಡೆಯುತ್ತವೆ. ರಕ್ತ ಕಡಿಮೆ ಇರುವವರು ಊಟ ತಿಂಡಿಗೂ ಕಾಫಿಗೂ ನಡುವೆ ಕನಿಷ್ಠ ಒಂದು ಗಂಟೆಯ ಅಂತರ ಇಡಬೇಕು; ಮೇಲೆ ಹೇಳಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಆರಕ್ಕೆ ಕಾಫಿ, ಎಂಟಕ್ಕೆ ತಿಂಡಿ ಎಂದು ಮಾಡಿಕೊಂಡರೆ ಮನೆಯಲ್ಲಿ ಯಾರಿಗೂ ತೊಂದರೆ ಇಲ್ಲ.

ಎರಡನೆಯ ಕೊರತೆ ಪ್ರೋಟೀನಿನದು. ರೊಟ್ಟಿ, ಕಡುಬು, ಒತ್ತು ಶಾವಿಗೆ, ನೀರುದೋಸೆ ಎಲ್ಲವೂ ಅಕ್ಕಿಯೇ. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು; ನೂರು ಗ್ರಾಂ ಅಕ್ಕಿ ಹಿಟ್ಟಿನಿಂದ ಬರುವುದು ಏಳು ಗ್ರಾಂ ಆಸುಪಾಸು. ಬರಿ ಅಕ್ಕಿಯ ತಿಂಡಿ ಬೇಗ ಸಕ್ಕರೆಯಾಗಿ ರಕ್ತ ಸೇರಿ, ಬೇಗ ಇಳಿದು, ಹನ್ನೊಂದರ ಹೊತ್ತಿಗೆ ಮತ್ತೆ ಹಸಿವನ್ನೂ ಜಡವನ್ನೂ ತರುತ್ತದೆ. ರೊಟ್ಟಿಯ ಜೊತೆ ಒಂದು ಮೊಟ್ಟೆ, ಇಲ್ಲವೇ ಒಂದು ಬಟ್ಟಲು ಕಾಳಿನ ಪಲ್ಯ, ಇಲ್ಲವೇ ಗಟ್ಟಿ ಮೊಸರು ಇಟ್ಟುಕೊಳ್ಳಿ. ಅವರೆಕಾಯಿಯ ಕಾಲದಲ್ಲಿ ರೊಟ್ಟಿ ಹಿಟ್ಟಿಗೇ ಕಾಳು ಸೇರಿಸಿ ತಟ್ಟಿದರೆ ಬೇರೆ ಏನೂ ಬೇಕಿಲ್ಲ.

ಹಾಸನದ ಕಡೆಯ ಮುದ್ದೆ ಮತ್ತು ಹುರುಳಿಕಾಳಿನ ಸಾರು ಈ ದೃಷ್ಟಿಯಿಂದ ನಮ್ಮ ಮಲೆನಾಡಿನ ಅನ್ನ ತಿಳಿಸಾರಿಗಿಂತ ಮೇಲು ಎಂದು ಒಪ್ಪಿಕೊಳ್ಳಲೇಬೇಕು. ಹುರುಳಿಯಲ್ಲಿ ನೂರು ಗ್ರಾಂಗೆ ಇಪ್ಪತ್ತು ಗ್ರಾಂ ದಾಟಿದ ಪ್ರೋಟೀನ್ ಇದೆ, ಏಳೆಂಟು ಮಿ.ಗ್ರಾಂ ಕಬ್ಬಿಣವೂ ಇದೆ. ಅದನ್ನು ಮೊಳಕೆ ಕಟ್ಟಿದರೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ಕಡಿಮೆಯಾಗಿ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಕಾಳನ್ನು ಕಲ್ಲು ಆರಿಸಿ ತೊಳೆದು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಬಸಿದು, ತೆಳುವಾದ ಹತ್ತಿಬಟ್ಟೆಯಲ್ಲಿ ಕಟ್ಟಿ ಮುಚ್ಚಿದ ಪಾತ್ರೆಯಲ್ಲಿಡಿ. ಬೇಸಿಗೆಯಲ್ಲಿ ಮರುದಿನಕ್ಕೇ ಬಿಳಿ ಮೊಳಕೆ ಕಾಣಿಸುತ್ತದೆ. ಮಳೆಗಾಲದ ಚಳಿಗೆ ಒಂದು ದಿನ ಹೆಚ್ಚು ಬೇಕಾಗುತ್ತದೆ. ಆಗ ಗಂಟನ್ನು ಒಲೆಯ ಪಕ್ಕದ ಬೆಚ್ಚನೆಯ ಕಟ್ಟೆಯ ಮೇಲಿಟ್ಟು, ದಿನಕ್ಕೆರಡು ಸಲ ನೀರು ಚಿಮುಕಿಸಿ. ಲೋಳೆ ಬಂದು ವಾಸನೆ ತಿರುಗಿದ್ದರೆ ಬಳಸಬೇಡಿ. ಬೇಯಿಸಿದ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಬೇಕು, ಕುದಿಯುವಾಗ ಹಿಂಡಿದರೆ ಸಿ ಜೀವಸತ್ವದ ಒಂದಷ್ಟು ಪಾಲು ನಾಶವಾಗುತ್ತದೆ. ಸಸ್ಯಮೂಲದ ಕಬ್ಬಿಣ ಹೀರಲು ಆ ಜೀವಸತ್ವದ ನೆರವು ತುಂಬ ದೊಡ್ಡದು. ನೆಲ್ಲಿಕಾಯಿಯ ತಂಬುಳಿ, ಹಿತ್ತಲಿನ ಸೀಬೆಹಣ್ಣು ಕೂಡ ಇದೇ ಕೆಲಸ ಮಾಡುತ್ತವೆ.

ಬೀಟ್‌ರೂಟ್ ತಿಂದರೆ ರಕ್ತ ಹೆಚ್ಚುತ್ತದೆ ಎಂಬ ಮಾತಿಗೆ ಅದರ ಬಣ್ಣವೇ ಕಾರಣವಿರಬೇಕು. ಅದರಲ್ಲಿರುವ ಕಬ್ಬಿಣ ನೂರು ಗ್ರಾಂಗೆ ಒಂದು ಮಿ.ಗ್ರಾಂ ಕೂಡ ಇಲ್ಲ. ಕೀರೆ, ಹರಿವೆ, ನುಗ್ಗೆ ಸೊಪ್ಪುಗಳು, ಎಳ್ಳು, ಕಾಳುಗಳು, ತಿನ್ನುವವರಿಗೆ ಮೀನು ಮಾಂಸ, ಇವು ನಂಬಬಹುದಾದವು. ಮಾಂಸದ ಕಬ್ಬಿಣ ಸಸ್ಯದ್ದಕ್ಕಿಂತ ಸುಲಭವಾಗಿ ದೇಹಕ್ಕೆ ಸೇರುತ್ತದೆ. ನಾನ್‌ಸ್ಟಿಕ್ ಬಂದ ಮೇಲೆ ಅಟ್ಟ ಸೇರಿದ ಕಬ್ಬಿಣದ ಕಾವಲಿ ಮತ್ತು ಬಾಣಲೆಯನ್ನು ಕೆಳಗಿಳಿಸಿ. ಹುಳಿ ಸೇರಿದ ಪಲ್ಯ ಅದರಲ್ಲಿ ಬೆಂದಾಗ ಸ್ವಲ್ಪ ಕಬ್ಬಿಣ ಅಡುಗೆಗೂ ಇಳಿಯುತ್ತದೆ.

ನೀರಿನ ಬಗ್ಗೆ ಒಂದು ಮಾತು ಸಾಕು. ತಂಪು ಹವೆಯಲ್ಲಿ ಬಾಯಾರಿಕೆ ಗೊತ್ತಾಗದೆ ಎಷ್ಟೋ ಜನ ಮಧ್ಯಾಹ್ನದವರೆಗೆ ಕಾಫಿಯ ಹೊರತು ಬೇರೇನೂ ಕುಡಿದಿರುವುದಿಲ್ಲ. ಮೂತ್ರದ ಬಣ್ಣ ಗಾಢ ಹಳದಿಯಾಗಿದ್ದರೆ ನೀರು ಸಾಲದು, ತಿಳಿ ಹಳದಿಯಾಗಿದ್ದರೆ ಸಾಕು.

ಆರನೆಯ ಹೆಜ್ಜೆ: ಮಧ್ಯಾಹ್ನದ ಜೋಂಪು

ಮಧ್ಯಾಹ್ನ ಒಂದರಿಂದ ಮೂರರ ನಡುವೆ ಎಚ್ಚರ ಸ್ವಲ್ಪ ಕುಗ್ಗುವುದು ದೇಹದ ಗಡಿಯಾರದ ಸಹಜ ಗುಣ. ಊಟ ಮಾಡದಿದ್ದರೂ ಅದು ಬರುತ್ತದೆ, ಹೊಟ್ಟೆ ಬಿರಿಯ ಉಂಡರೆ ದುಪ್ಪಟ್ಟಾಗುತ್ತದೆ. ಮೇಜಿನ ಮುಂದೆ ಕೂರುವವರು ಅನ್ನದ ಒಂದು ಸೌಟು ಕಡಿಮೆ ಮಾಡಿ ಪಲ್ಯದ ಒಂದು ಸೌಟು ಹೆಚ್ಚಿಸಲಿ, ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆಯಲಿ. ಊಟದ ನಂತರದ ಈ ನಡಿಗೆ ರಕ್ತದ ಸಕ್ಕರೆ ಒಮ್ಮೆಲೇ ಏರುವುದನ್ನು ತಗ್ಗಿಸುತ್ತದೆ. ಮಲಗುವ ಅನುಕೂಲ ಇರುವವರು ಮೂರು ಗಂಟೆಯೊಳಗೆ ಇಪ್ಪತ್ತು ನಿಮಿಷ ಮಲಗಬಹುದು. ಅಲಾರಂ ಇಟ್ಟುಕೊಳ್ಳಿ. ಕಂಬಳಿ ಹೊದ್ದು ಒಂದೂವರೆ ಗಂಟೆ ಮಲಗಿದರೆ ಎದ್ದಾಗ ತಲೆ ಭಾರವಾಗಿರುತ್ತದೆ, ರಾತ್ರಿಯ ನಿದ್ದೆಯೂ ಹಾಳಾಗುತ್ತದೆ.

ಏಳನೆಯ ಹೆಜ್ಜೆ: ನಡೆಯಬೇಕಾದವರು ಮತ್ತು ಕೂರಬೇಕಾದವರು

ಸುಸ್ತಾದವರಿಗೆ ವ್ಯಾಯಾಮ ಹೇಳುವುದು ವಿಚಿತ್ರವಾಗಿ ಕಂಡರೂ, ಕುಳಿತೇ ದಿನ ಕಳೆಯುವವರ ಸುಸ್ತಿಗೆ ನಡಿಗೆಯಂಥ ಮದ್ದು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೂ, ವಾರಕ್ಕೆ ಎರಡು ದಿನ ಮಾಂಸಖಂಡಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಸೂಚಿಸುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆ ವೇಗ ಮಧ್ಯಮ ಶ್ರಮದ್ದು. ಚಿಕ್ಕಮಗಳೂರಿನವರು ರತ್ನಗಿರಿ ಬೋರೆಗೆ, ಹಾಸನದವರು ಮಹಾರಾಜ ಪಾರ್ಕಿಗೆ ಹೋಗುತ್ತಾರೆ. ಹೋಗಲಾಗದವರಿಗೆ ಮನೆಯ ಮೆಟ್ಟಿಲು ಸಾಕು. ಶುರುವಿನಲ್ಲಿ ಹತ್ತು ನಿಮಿಷ, ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸುತ್ತ ಹೋಗಿ. ಮಳೆ ಹಿಡಿದ ದಿನ ಕೈ ಆನಿಸದೆ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತರಂತೆ ಮೂರು ಸಲ ಮಾಡಿದರೆ ತೊಡೆಗಳಿಗೆ ಬಲ ಬರುತ್ತದೆ.

ಇದೇ ಮಾತನ್ನು ಕಾಫಿ ಕೊಯ್ಲಿನಲ್ಲಿ ದಿನವಿಡೀ ಇಳಿಜಾರಿನಲ್ಲಿ ನಿಂತು ದುಡಿದವರಿಗೆ ಹೇಳುವುದು ಅನ್ಯಾಯ. ನವೆಂಬರಿನಲ್ಲಿ ಅರೇಬಿಕಾದಿಂದ ಶುರುವಾಗಿ ರೊಬಸ್ಟಾ ಮುಗಿಯುವವರೆಗೆ ಅವರಿಗೆ ಬೇಕಾದದ್ದು ವಿಶ್ರಾಂತಿ, ಹೊಟ್ಟೆ ತುಂಬ ಕಾಳು ಸೊಪ್ಪಿನ ಊಟ, ರಾತ್ರಿ ಬೇಗನೆ ನಿದ್ದೆ. ಕೆಲಸದ ನಡುವೆ ಬರಿ ಟೀ, ಬನ್ನು ಕೊಡುವ ಬದಲು ಮಜ್ಜಿಗೆಯೋ ರಾಗಿ ಅಂಬಲಿಯೋ ಕೊಟ್ಟರೆ ಸಂಜೆಯ ಕುಯ್ಲಿನಲ್ಲೇ ವ್ಯತ್ಯಾಸ ಕಾಣುತ್ತದೆ.

ಎಂಟನೆಯ ಹೆಜ್ಜೆ: ರಾತ್ರಿ

ಮಲಗುವ ಎರಡು ಮೂರು ಗಂಟೆ ಮೊದಲು ಊಟ ಮುಗಿಸಿ, ಕೊನೆಯ ಒಂದು ಗಂಟೆ ದೀಪಗಳನ್ನು ತಗ್ಗಿಸಿ, ಮೊಬೈಲನ್ನು ಚಾರ್ಜಿಗೆ ಹಾಕುವ ಜಾಗವನ್ನು ಹಾಸಿಗೆಯಿಂದ ದೂರದ ಕೋಣೆಗೆ ಬದಲಿಸಿ. ಚಳಿಗೆ, ದಣಿವಿಗೆ ಒಂದೆರಡು ಪೆಗ್ ಹಾಕಿದರೆ ನಿದ್ದೆ ಚೆನ್ನಾಗಿ ಬರುತ್ತದೆ ಎಂಬುದು ನಮ್ಮ ಕಡೆ ಬಹಳ ಹಳೆಯ ಸಮರ್ಥನೆ. ಮದ್ಯ ನಿದ್ದೆಗೆ ಬೇಗ ದೂಡುವುದು ನಿಜ. ಆದರೆ ರಾತ್ರಿಯ ಎರಡನೆಯ ಅರ್ಧದಲ್ಲಿ ನಿದ್ದೆಯನ್ನು ಮತ್ತೆ ಮತ್ತೆ ಒಡೆಯುತ್ತದೆ, ಗೊರಕೆಯನ್ನೂ ಹೆಚ್ಚಿಸುತ್ತದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದವರು ಹಿಂದಿನ ರಾತ್ರಿಯ ಲೋಟವನ್ನು ನೆನಪಿಸಿಕೊಳ್ಳಲಿ. ಚುರುಕಿಗೆಂದು ಹಾಕುವ ಅಡಿಕೆ, ಗುಟ್ಕಾ, ಬೀಡಿಗಳೂ ಉದ್ದೀಪಕಗಳೇ. ಅವು ನಿದ್ದೆ ಕೆಡಿಸುವುದು ಅವುಗಳ ಅಪಾಯಗಳಲ್ಲಿ ತೀರ ಚಿಕ್ಕದು.

ಯಾವುದನ್ನು ಯಾವಾಗ ಶುರು ಮಾಡಬೇಕು

ಎಲ್ಲವನ್ನೂ ಒಂದೇ ಸೋಮವಾರ ಆರಂಭಿಸಿದವರು ಮುಂದಿನ ಸೋಮವಾರದೊಳಗೆ ಎಲ್ಲವನ್ನೂ ಬಿಟ್ಟಿರುತ್ತಾರೆ. ಕ್ಯಾಲೆಂಡರಿನ ವಾರ ಮುಗಿದ ಮೇಲೆ ಮೊದಲ ಎರಡು ವಾರ ಏಳುವ ಹೊತ್ತು ಮತ್ತು ಕಾಫಿಯ ಗಡುವು, ಇವೆರಡನ್ನು ಮಾತ್ರ ಹಿಡಿಯಿರಿ. ಅವು ಮೈಗೂಡಿದ ಮೇಲೆ ತಿಂಡಿಯ ತಟ್ಟೆಯನ್ನು, ಆಮೇಲೆ ನಡಿಗೆಯನ್ನು ಸೇರಿಸಿ. ಕೊಯ್ಲಿನ ಕಾಲದಲ್ಲೋ ಮನೆಯಲ್ಲಿ ಮದುವೆ ಇಟ್ಟುಕೊಂಡಾಗಲೋ ಶುರು ಮಾಡಬೇಡಿ. ಆರು ವಾರ ಹೀಗೆ ನಡೆದೂ ಕ್ಯಾಲೆಂಡರಿನ ಚೌಕಗಳಲ್ಲಿ ಸುಸ್ತಿನ ಗುರುತು ಕಡಿಮೆಯಾಗದಿದ್ದರೆ, ಮೊದಲ ಪರೀಕ್ಷೆಗಳು ಸರಿ ಇದ್ದರೂ ವೈದ್ಯರನ್ನು ಮತ್ತೆ ಕಾಣಬೇಕು, ಕ್ಯಾಲೆಂಡರಿನ ಹಾಳೆಯನ್ನೂ ಜೊತೆಗೆ ಒಯ್ಯಬೇಕು.

ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಬರೆಸಿಕೊಂಡವರು ಅದನ್ನು ನಿಂಬೆ ಪಾನಕದ ಜೊತೆ ನುಂಗಬೇಕು. ಹಾಲು, ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆ ಯಾವುದರ ಜೊತೆಯೂ ಬೇಡ. ಆ ದಿನಗಳಲ್ಲಿ ಮಲ ಕಪ್ಪಾಗುವುದು ಮಾತ್ರೆಯಿಂದ, ಗಾಬರಿ ಬೇಕಿಲ್ಲ. ಹೊಟ್ಟೆ ಉರಿ ಅಥವಾ ಮಲಬದ್ಧತೆ ಆದರೆ ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಿದರೆ ದಿನ ಬಿಟ್ಟು ದಿನ ತೆಗೆದುಕೊಳ್ಳುವ ಕ್ರಮಕ್ಕೆ ಬದಲಿಸಿಕೊಡಬಹುದು. ತಿಂಗಳೊಳಗೆ ಹಿಮೋಗ್ಲೋಬಿನ್ ಒಂದೆರಡು ಗ್ರಾಂ ಏರಿ ಮೈ ಹಗುರವಾಗುತ್ತದೆ, ಹೆಚ್ಚಿನವರು ಮಾತ್ರೆ ಬಿಡುವುದು ಅಲ್ಲೇ. ಹಿಮೋಗ್ಲೋಬಿನ್ ಸರಿಯಾದ ಮೇಲೂ ದಾಸ್ತಾನು ತುಂಬಲು ಸಾಮಾನ್ಯವಾಗಿ ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ. ಮುಗಿಸುವ ದಿನಾಂಕವನ್ನೂ ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಆ ವಾರ ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಿ.